ಕಾಗದದ ಹಂಪಿ, ಮಣ್ಣಿನ ಹಂಪಿ

ವೆನಿಸ್ಸಿನ ರತ್ನವ್ಯಾಪಾರಿ ಚೆಸಾರೆ ಫೆದೆರಿಚಿ 1567ರಲ್ಲಿ ವಿಜಯನಗರಕ್ಕೆ ಬಂದಾಗ ಆ ಊರು ಬಿದ್ದು ಎರಡು ವರ್ಷವಾಗಿತ್ತು. ದಾರಿಯಲ್ಲಿ ಕಳ್ಳಕಾಕರ ಕಾಟ. ಮುಂದೆ ಹೋಗಲಾಗದೆ ಅವನು ಏಳು ತಿಂಗಳು ಅಲ್ಲೇ ಉಳಿದ. ಊರು ಪೂರ್ತಿ ನಾಶವಾಗಿಲ್ಲ, ಮನೆಗಳು ನಿಂತಿವೆ, ಆದರೆ ಒಳಗೆ ಮನುಷ್ಯರಿಲ್ಲ, ಹುಲಿ ಮತ್ತು ಕಾಡುಮೃಗಗಳಿವೆ ಎಂದು ಬರೆದಿಟ್ಟ. ಯುದ್ಧದಲ್ಲಿ ಮಡಿದ ರಾಮರಾಯನ ತಮ್ಮ ತಿರುಮಲ ಆಗ ಊರನ್ನು ಮತ್ತೆ ಕಟ್ಟುವ ಹವಣಿಕೆಯಲ್ಲಿದ್ದ. ಸೈನ್ಯಕ್ಕೆ ಕುದುರೆ ಬೇಕಿತ್ತು. ಒಳ್ಳೆಯ ಬೆಲೆ ಕೊಡುತ್ತೇನೆಂದು ಗೋವೆಗೆ ಹೇಳಿ ಕಳಿಸಿದ. ವ್ಯಾಪಾರಿಗಳು ಕುದುರೆ ತಂದರು. ತಿರುಮಲ ಕುದುರೆಗಳನ್ನು ಇಟ್ಟುಕೊಂಡು ಅವರನ್ನು ಬರಿಗೈಯಲ್ಲಿ ಕಳಿಸಿದ ಎನ್ನುತ್ತಾನೆ ಫೆದೆರಿಚಿ. ಒಂದು ಸಾಮ್ರಾಜ್ಯದ ರಾಜಧಾನಿ ಎಷ್ಟು ಬೇಗ ತನ್ನ ಮಾತಿನ ಬೆಲೆ ಕಳೆದುಕೊಂಡಿತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಕೊನೆಗೆ ತಿರುಮಲ ರಾಜಧಾನಿಯ ಆಸೆಯನ್ನೇ ಬಿಟ್ಟು ಪೆನುಕೊಂಡೆಗೆ ಹೋದ.

ಅದಕ್ಕೆ ಮೊದಲು ನಡೆದದ್ದು ಕನ್ನಡ ಓದುಗರಿಗೆ ಗೊತ್ತಿರುವ ಕಥೆ. 1565ರ ಜನವರಿಯಲ್ಲಿ, ಕೃಷ್ಣಾ ತೀರದ ರಕ್ಕಸಗಿ-ತಂಗಡಗಿಯ ಬಯಲಿನಲ್ಲಿ ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರಿನ ಸುಲ್ತಾನರು ಒಂದಾಗಿ ಅಳಿಯ ರಾಮರಾಯನನ್ನು ಸೋಲಿಸಿದರು. ರಾಮರಾಯನ ತಲೆ ಹೋಯಿತು, ಸೈನ್ಯ ಚದುರಿತು, ಅರಸು ಮನೆತನ ಬೊಕ್ಕಸವನ್ನು ಆನೆಗಳ ಮೇಲೆ ಹೇರಿಕೊಂಡು ದಕ್ಷಿಣಕ್ಕೆ ಹೊರಟಿತು. ಮುಂದಿನ ತಿಂಗಳುಗಳಲ್ಲಿ ನಗರ ಲೂಟಿಯಾಯಿತು.

ಇಷ್ಟರ ಮೇಲೆ ಹಂಪಿಯನ್ನು ಲೋಕ ಮರೆತೇಬಿಟ್ಟಿತು, ಮೂರು ಶತಮಾನದ ನಂತರ ಇಂಗ್ಲಿಷರು ಬಂದು ಹುಡುಕಿದರು ಎಂಬ ಮಾತು ಬಹಳ ಕಾಲ ನಡೆಯಿತು. ಅದು ಅರ್ಧ ಸತ್ಯವೂ ಅಲ್ಲ. ವಿರೂಪಾಕ್ಷನ ಪೂಜೆ ಹಂಪಿಯಲ್ಲಿ ಮುಂದುವರಿದೇ ಇತ್ತು, ತೇರು ಎಳೆಯುತ್ತಿದ್ದರು. ಹೊಳೆಯಾಚೆ ಆನೆಗೊಂದಿಯಲ್ಲಿ ವಿಜಯನಗರದ ಅರಸರ ವಂಶದವರೆಂದು ಹೇಳಿಕೊಳ್ಳುವ ರಾಜಮನೆತನ ಇತ್ತು. ರಾಯರು ಕಟ್ಟಿಸಿದ ಕಾಲುವೆಯ ನೀರಿನಲ್ಲಿ ಸುತ್ತಲಿನ ರೈತರು ಭತ್ತ ಬೆಳೆಯುತ್ತಲೇ ಇದ್ದರು. ಮರೆತವರು ಯಾರಾದರೂ ಇದ್ದರೆ ಅವರು ದೂರದವರು.

ದೂರದವರಲ್ಲಿ ಮೊದಲು ಕಾಗದ ಹಾಸಿಕೊಂಡು ಈ ಊರನ್ನು ಬರೆದುಕೊಂಡವನು ಕಾಲಿನ್ ಮೆಕೆಂಜಿ. ಸ್ಕಾಟ್ಲೆಂಡಿನ ಒಂದು ದ್ವೀಪದಲ್ಲಿ ಹುಟ್ಟಿ, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಇಂಜಿನಿಯರ್ ಆಗಿ ಬಂದವನು. ಶ್ರೀರಂಗಪಟ್ಟಣ ಬಿದ್ದ ವರ್ಷ, 1799ರಲ್ಲಿ, ಅವನು ಹಂಪಿಯ ಅವಶೇಷಗಳ ನಕ್ಷೆ ತೆಗೆದ. ಮುಂದೆ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಅವನ ಹೆಸರಿನಲ್ಲಿ ನಿಂತಿರುವ ಅಪಾರ ಸಂಗ್ರಹದ ಹಿಂದೆ ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ ಮೊದಲಾದ ದೇಶೀ ಸಹಾಯಕರ ದುಡಿಮೆ ಇದೆ. ಊರೂರಿಗೆ ಹೋಗಿ ಶಾನುಭೋಗರಿಂದ, ಪೂಜಾರಿಗಳಿಂದ, ಹಿರಿಯರಿಂದ ಕೇಳಿ ಬರೆಸಿದ ಕೈಫಿಯತ್ತುಗಳು ಅವರಿಲ್ಲದೆ ಇರುತ್ತಲೇ ಇರಲಿಲ್ಲ. ಇನ್ನೂರು ವರ್ಷದ ನಂತರ ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ಕರ್ನಾಟಕದ ಕೈಫಿಯತ್ತುಗಳನ್ನು ಪ್ರಕಟಿಸಿದ್ದು ಹಂಪಿಯಲ್ಲೇ ತಲೆಯೆತ್ತಿದ ಕನ್ನಡ ವಿಶ್ವವಿದ್ಯಾಲಯ. ಕಾಗದ ಊರಿಗೆ ಮರಳಿತು ಅಂತಲೇ ಹೇಳಬೇಕು.

ಮೆಕೆಂಜಿಯ ನಕ್ಷೆಯಲ್ಲಿ ಒಂದು ಕುತೂಹಲದ ಗುರುತಿದೆ. ಇಂದು ನಾವು ಕಮಲಮಹಲ್ ಎಂದು ಟಿಕೆಟ್ ಕೊಂಡು ನೋಡುವ ಕಟ್ಟಡವನ್ನು ಅದರಲ್ಲಿ ಮಂತ್ರಾಲೋಚನೆಯ ಸಭಾಗೃಹ ಎಂದು ಗುರುತಿಸಿದ್ದಾರೆ. ಆಮೇಲೆ ಬಂದವರು ಅದನ್ನು ರಾಣಿಯರ ವಿಹಾರದ ಮನೆ ಮಾಡಿದರು, ಸುತ್ತಲಿನ ಎತ್ತರದ ಗೋಡೆಯ ಆವರಣಕ್ಕೆ ಜನಾನಾ ಎಂದು ಹೆಸರಿಟ್ಟರು. ಮಗ್ಗುಲಲ್ಲೇ ಆನೆಲಾಯ, ಮೂಲೆಗಳಲ್ಲಿ ಕಾವಲು ಗೋಪುರ. ಅಂತಃಪುರದ ಗೋಡೆಗೆ ಅಂಟಿಕೊಂಡು ಆನೆಗಳನ್ನು ಕಟ್ಟುವ ಅರಸ ಯಾರು ಎಂದು ಯಾರೂ ಕೇಳಲಿಲ್ಲ. ಸೇನೆಯ ಹಿರಿಯರು ಸೇರುತ್ತಿದ್ದ ಜಾಗ ಇದಾಗಿರಬಹುದೆಂದು ಈಚಿನ ಸಂಶೋಧಕರು ಹೇಳುತ್ತಾರೆ, ನನಗೂ ಅದೇ ಸರಿ ಅನಿಸುತ್ತದೆ.

ಮೆಕೆಂಜಿ ನಕ್ಷೆ ಬರೆದು ಅರ್ಧ ಶತಮಾನ ಕಳೆದ ಮೇಲೆ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ದೊಡ್ಡ ಕ್ಯಾಮೆರಾ ಹೊತ್ತುಕೊಂಡು ಬಂದ. ಅದು 1856ರ ಸುಮಾರು. ಫೋಟೋಗ್ರಫಿ ಇನ್ನೂ ಎಳೆಯ ವಿದ್ಯೆ. ಮೇಣ ಹಚ್ಚಿದ ಕಾಗದದ ನೆಗೆಟಿವ್, ನಿಮಿಷಗಟ್ಟಲೆ ಅಲುಗಾಡದೆ ಇರಬೇಕಾದ ಕ್ಯಾಮೆರಾ, ಬಳ್ಳಾರಿ ಸೀಮೆಯ ಬಿಸಿಲು. ಆದರೂ ಅವನು ತೆಗೆದ ಚಿತ್ರಗಳಲ್ಲಿ ಕಲ್ಲಿನ ಒಂದೊಂದು ಗೀರೂ ಕಾಣುತ್ತದೆ. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಜೋಡಿಸಿಟ್ಟು ನೋಡಿದರೆ, ಅಂದು ನಿಂತಿದ್ದು ಈಗ ಇಲ್ಲವಾದ ಭಾಗಗಳೂ ಕಾಣುತ್ತವೆ, ಅಂದು ಪೊದೆಯೊಳಗೆ ಮುಚ್ಚಿದ್ದು ಈಗ ಬಯಲಾದವೂ ಕಾಣುತ್ತವೆ. ಹಂಪಿ ಹಾಳಾದದ್ದೆಲ್ಲ 1565ರಲ್ಲೇ ಅಲ್ಲ ಎನ್ನುವುದಕ್ಕೆ ಇವು ಪುರಾವೆ. ಮಳೆ, ಗೋಡೆ ಸೀಳುವ ಅರಳಿಮರದ ಬೇರು, ನಿಧಿಗಳ್ಳರ ಹಾರೆ ತಮ್ಮ ಪಾಲನ್ನು ಮಾಡಿಕೊಂಡೇ ಬಂದಿದ್ದವು.

ಆದರೆ ವಿಜಯನಗರದ ಕಥೆಗೆ ಒಂದು ಗಟ್ಟಿ ರೂಪ ಬಂದದ್ದು ನಕ್ಷೆಯಿಂದಲೂ ಅಲ್ಲ, ಫೋಟೋದಿಂದಲೂ ಅಲ್ಲ. ಒಂದು ಪುಸ್ತಕದಿಂದ. ಬಳ್ಳಾರಿಯಲ್ಲಿ ಕಲೆಕ್ಟರ್ ಆಗಿದ್ದ ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ ಗ್ರಂಥ, ಮರೆತುಹೋದ ಸಾಮ್ರಾಜ್ಯದ ಚರಿತ್ರೆ ಎಂದೇ ಹೆಸರಾಯಿತು. ಅದಕ್ಕೆ ಮೂರು ವರ್ಷ ಮುಂಚೆ ಲಿಸ್ಬನ್ನಿನಲ್ಲಿ ದಾವಿದ್ ಲೋಪೆಸ್ ಎಂಬ ವಿದ್ವಾಂಸ, ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದ್ದ ಎರಡು ಪೋರ್ಚುಗೀಸ್ ಹಸ್ತಪ್ರತಿಗಳನ್ನು ಅಚ್ಚು ಹಾಕಿಸಿದ್ದ. ಒಂದು ಡೊಮಿಂಗೊ ಪಯಸ್‌ನದು, ಕೃಷ್ಣದೇವರಾಯನ ಕಾಲದ್ದು. ಇನ್ನೊಂದು ಫೆರ್ನಾವೊ ನೂನಿಜ್ ಎಂಬ ಕುದುರೆ ವ್ಯಾಪಾರಿಯದು, ಅಚ್ಯುತರಾಯನ ಕಾಲದ್ದು. ಸೀವೆಲ್ ಇವೆರಡನ್ನೂ ಇಂಗ್ಲಿಷಿಗೆ ತಂದು ಫೆರಿಸ್ತಾನ ಪರ್ಷಿಯನ್ ಚರಿತ್ರೆಯ ಜತೆ ಹೊಸೆದ.

ಪಯಸ್ ಗುಡ್ಡ ಹತ್ತಿ ನೋಡಿ, ಊರು ರೋಮ್‌ನಷ್ಟು ದೊಡ್ಡದಾಗಿ ಕಂಡಿತು ಎಂದವನು. ಮಹಾನವಮಿಯ ಕುಸ್ತಿ, ಕುಣಿತ, ಬಾಣಬಿರುಸು, ಸಿಂಗರಿಸಿದ ಕುದುರೆಗಳ ಮೆರವಣಿಗೆಯನ್ನು ಅವನಷ್ಟು ಬಣ್ಣವಾಗಿ ಬರೆದವರು ಇನ್ನೊಬ್ಬರಿಲ್ಲ. ಸೀವೆಲ್‌ನ ಓದುಗರ ಕಣ್ಣಿಗೆ ಈ ಚಿತ್ರ ಕಟ್ಟಿತು. ಕೂಡಲೇ ಅದರ ಮುಂದೆ ಅವನು ವಿನಾಶದ ಚಿತ್ರವನ್ನಿಟ್ಟ: ಐದು ತಿಂಗಳು ಬೆಂಕಿ, ಹಾರೆ, ಕೊಡಲಿ. ಕಥೆಗಾರಿಕೆಯ ದೃಷ್ಟಿಯಿಂದ ಇದಕ್ಕಿಂತ ಬಲವಾದ ಕಟ್ಟಡ ಇಲ್ಲ. ದಕ್ಷಿಣದ ಹಿಂದೂ ಕೋಟೆ, ಎರಡೂವರೆ ಶತಮಾನದ ತಡೆ, ಒಂದೇ ದಿನದ ಸೋಲು.

ಇದು ಕನ್ನಡ ನಾಡಿನ ಮೇಲೆ ಮಾಡಿದ ಪರಿಣಾಮ ಸಣ್ಣದಲ್ಲ. ಆಲೂರು ವೆಂಕಟರಾಯರು 1905ರಲ್ಲಿ ಆನೆಗೊಂದಿ, ಹಂಪಿಗಳಿಗೆ ಹೋಗಿ ಬಂದ ಮೇಲೆಯೇ ಕರ್ನಾಟಕವೆಂಬ ಕಲ್ಪನೆ ತಮ್ಮಲ್ಲಿ ಮೂಡಿತೆಂದು ಹೇಳಿಕೊಂಡರು. 1917ರಲ್ಲಿ 'ಕರ್ನಾಟಕ ಗತವೈಭವ' ಹೊರಬಂತು. ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು ಎಂದು ಹರಿದು ಹಂಚಿಹೋಗಿದ್ದ ಜನಕ್ಕೆ ತಮ್ಮದೆನ್ನಲು ಒಂದು ರಾಜಧಾನಿ ಬೇಕಿತ್ತು. ಅದು ಹಾಳು ಬಿದ್ದಿದ್ದರೂ ಸರಿ. 1936ರಲ್ಲಿ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ನೆನಪಿಗೆ ಧಾರವಾಡದಿಂದ ಸಂಸ್ಮರಣ ಗ್ರಂಥವೂ ಬಂತು.

ಆ 1336 ಎಂಬ ವರ್ಷದ ಬಗ್ಗೆಯೇ ವಿದ್ವಾಂಸರಲ್ಲಿ ಜಗಳವಿದೆ. ಆ ತಿಥಿಯನ್ನು ಹೇಳುವ ತಾಮ್ರಪಟಗಳು ಆಮೇಲಿನವು ಎಂದು ಹಲವರ ಮತ. ಗಟ್ಟಿಯಾಗಿ ಕೈಗೆ ಸಿಗುವುದು 1346ರ ಶೃಂಗೇರಿ ಶಾಸನ, ಸಾಮ್ರಾಜ್ಯ ಕಟ್ಟಿದ ಹಕ್ಕ-ಬುಕ್ಕ ಮೊದಲಾದ ಸಂಗಮ ಸೋದರರು ಸೇರಿ ಮಠಕ್ಕೆ ದತ್ತಿ ಕೊಟ್ಟದ್ದು. ಹಕ್ಕ-ಬುಕ್ಕರಿಗೆ ವಿದ್ಯಾರಣ್ಯರು ನಗರ ಕಟ್ಟಿಸಿದರೆಂಬ ಕಥೆ ಹದಿನಾರನೆಯ ಶತಮಾನದಲ್ಲಿ ಹೆಣೆದದ್ದೆಂದು ಫಾದರ್ ಹೆರಾಸ್ 1929ರಲ್ಲಿ ಬರೆದಾಗ ದೊಡ್ಡ ಗದ್ದಲವಾಯಿತು. ಸೋದರರು ಕನ್ನಡಿಗರೋ ತೆಲುಗರೋ ಎಂಬ ವಾದಕ್ಕಂತೂ ಕೊನೆಯೇ ಇಲ್ಲ. ಈ ಜಗಳದಲ್ಲಿ ಬಹಳ ಮಸಿ ಖರ್ಚಾಗಿದೆ, ನಗರದ ಬಗ್ಗೆ ತಿಳಿದದ್ದು ಕಡಿಮೆ.

ನೆಲದ ಮೇಲೆ ಕೆಲಸ ಮಾಡುತ್ತಿದ್ದವರು ಬೇರೆ ತರಹದವರು. ಮದ್ರಾಸು ಪ್ರಾಂತ್ಯದ ಪುರಾತತ್ವ ಇಲಾಖೆಯ ಎ. ಎಚ್. ಲಾಂಗ್‌ಹರ್ಸ್ಟ್ ಮುಳ್ಳುಕಂಟಿ ಕಡಿಸಿ, ಬೀಳುವಂತಿದ್ದ ತೊಲೆಗಳಿಗೆ ಊರೆ ಕೊಡಿಸಿ, 1917ರಲ್ಲಿ ಹಂಪಿಯ ಅವಶೇಷಗಳ ಮೇಲೆ ಒಂದು ಕೈಪಿಡಿ ಬರೆದ. ಪಯಸ್‌ನ ಬರಹವನ್ನು ಕೈಯಲ್ಲಿ ಹಿಡಿದು, ಇದು ಅದೇ, ಅದು ಇದೇ ಎಂದು ಗುರುತು ಹಚ್ಚುವುದು ಆ ಕಾಲದ ಕ್ರಮ. ಮಹಾನವಮಿ ದಿಬ್ಬವನ್ನು ಹಾಗೆಯೇ ಗುರುತಿಸಿದರು. ಒರಿಸ್ಸಾ ಗೆದ್ದು ಬಂದ ಕೃಷ್ಣದೇವರಾಯ ಕಟ್ಟಿಸಿದ ವಿಜಯದ ಮನೆ ಇದೇ ಎಂದರು. ಆದರೆ ದಿಬ್ಬವನ್ನು ಕಣ್ಣಿಟ್ಟು ನೋಡಿದರೆ ಅದು ಒಂದೇ ಸಲಕ್ಕೆ ಕಟ್ಟಿದ್ದಲ್ಲ. ಕಗ್ಗಲ್ಲಿನ ಹಳೆಯ ಪಟ್ಟಿಕೆಗಳಲ್ಲಿ ಆನೆ, ಕುದುರೆ, ಬೇಟೆ, ಕುಣಿತ, ಟೊಪ್ಪಿಗೆ ತೊಟ್ಟ ಪರದೇಶಿಗಳು. ಪಶ್ಚಿಮದ ಬದಿಗೆ ಆಮೇಲೆ ಹೊದಿಸಿದ ಕಪ್ಪು ಬಳಪದ ಕಲ್ಲಿನ ನಯವಾದ ಕೆತ್ತನೆ. ಹಳೆಯ ಭಾಗ ಕೃಷ್ಣದೇವರಾಯನಿಗಿಂತ ಎಷ್ಟೋ ಹಿಂದಿನದು, ಸಂಗಮರ ಮೊದಲ ದಿನಗಳದ್ದು ಎಂಬುದೇ ಈಗ ಹೆಚ್ಚು ಜನ ಒಪ್ಪುವ ಅಭಿಪ್ರಾಯ. ಕಾಗದ ಹೇಳಿದ್ದನ್ನು ಕಲ್ಲು ತಿದ್ದಿದ ಮೊದಲ ಪ್ರಸಂಗಗಳಲ್ಲಿ ಇದೊಂದು.

ಹಂಪಿಯ ಪುರಾತತ್ವದ ತಿರುವು 1970ರ ದಶಕದ ಮಧ್ಯದಲ್ಲಿದೆ. ಅಲ್ಲಿಯವರೆಗೆ ಭಾರತದಲ್ಲಿ ಅಗೆತ ಎಂದರೆ ಹರಪ್ಪ, ಬುದ್ಧನ ಕಾಲ, ಹೆಚ್ಚೆಂದರೆ ಶಾತವಾಹನರು. ಮಧ್ಯಯುಗಕ್ಕೆ ಶಾಸನವಿದೆ, ಬಖೈರಿದೆ, ಪ್ರವಾಸಿಗಳ ಬರಹವಿದೆ, ಅಗೆಯುವುದೇಕೆ ಎಂಬ ಧೋರಣೆ. ಕೇಂದ್ರ ಸರ್ಕಾರ ಫತೇಪುರ ಸಿಕ್ರಿ, ಚಾಂಪಾನೇರ್‌ಗಳ ಜತೆ ಹಂಪಿಯನ್ನೂ ಆರಿಸಿ ಅಗೆತಕ್ಕೆ ಯೋಜನೆ ಹಾಕಿದಾಗ ಈ ಧೋರಣೆ ಮುರಿಯಿತು. ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆ ಒಂದು ಕಡೆ, ರಾಜ್ಯದ ಪುರಾತತ್ವ ಇಲಾಖೆ ಇನ್ನೊಂದು ಕಡೆ, ಅರಮನೆ ಪ್ರದೇಶದ ಬೇರೆ ಬೇರೆ ಭಾಗಗಳಲ್ಲಿ ಗುದ್ದಲಿ ಹಾಕಿದವು. ರಾಜ್ಯ ಇಲಾಖೆಯ ನಿರ್ದೇಶಕರಾಗಿದ್ದವರು ಎಂ. ಎಸ್. ನಾಗರಾಜರಾವ್. ಮುಂದೆ ಕೇಂದ್ರ ಇಲಾಖೆಯ ಮಹಾನಿರ್ದೇಶಕರೂ ಆದ ಅವರು, ಹಂಪಿಯನ್ನು ಗುಡಿಗಳ ಗುಂಪೆಂದು ನೋಡದೆ ಊರೆಂದು ನೋಡಬೇಕೆಂಬ ಹಟದವರು.

ಮಣ್ಣು ಸರಿಸಿದ ಕೂಡಲೇ ಕಂಡದ್ದು ಅರಮನೆಗಳ ಕಾಲು ಮಾತ್ರ, ಮೈ ಇಲ್ಲ. ಮೆಟ್ಟಿಲು ಮೆಟ್ಟಿಲಾಗಿ ಏರುವ ಕಲ್ಲಿನ ಅಧಿಷ್ಠಾನ, ಗಾರೆಯ ನೆಲ, ಮರದ ಕಂಬ ನಿಲ್ಲಿಸಲು ಕೊರೆದ ಕುಳಿಗಳು. ಅರಸರ ಸಭಾಮಂಟಪದಲ್ಲಿ ಸಾಲಿಗೆ ಹತ್ತರಂತೆ ಹತ್ತು ಸಾಲು ಕಂಬಗಳ ಗುರುತು ಸಿಕ್ಕಿತು. ದೇವರ ಮನೆ ಕಲ್ಲಿನದು, ಅರಸನ ಮನೆ ಮರ, ಇಟ್ಟಿಗೆ, ಗಾರೆಯದು. ಅದಕ್ಕೇ ಒಂದು ಉಳಿಯಿತು, ಇನ್ನೊಂದು ಹೋಯಿತು. ಗಣ್ಯರ ಬಡಾವಣೆ ಎಂದು ಕರೆಯುವ ಪಶ್ಚಿಮದ ಭಾಗದಲ್ಲಿ ಅಕ್ಕಪಕ್ಕ ಹತ್ತಾರು ಮನೆಗಳ ತಳಪಾಯ ಬಯಲಾಯಿತು. ಎತ್ತರದ ಆವರಣ ಗೋಡೆ, ನಡುವೆ ಓಣಿ, ಒಳಗೆ ಮೂರು ಕಡೆ ಕೋಣೆಗಳ ತೊಟ್ಟಿ, ಹಿಂಬದಿಯಲ್ಲಿ ಬಚ್ಚಲು. ಚೀನಾದಿಂದ ಬಂದ ನೀಲಿ-ಬಿಳಿ ಪಿಂಗಾಣಿಯ ಚೂರುಗಳೂ ಸಿಕ್ಕವು. ಊಟಕ್ಕೆ ಕೂತವರು ಯಾರೋ ಗೊತ್ತಿಲ್ಲ, ತಟ್ಟೆ ಎಲ್ಲಿಂದ ಬಂತು ಎನ್ನುವುದು ಗೊತ್ತು.

ಎಲ್ಲರನ್ನೂ ಬೆರಗುಗೊಳಿಸಿದ್ದು 1980ರ ದಶಕದಲ್ಲಿ ಅರಮನೆಯ ಆವರಣದೊಳಗೆ ಸಿಕ್ಕ ಪುಷ್ಕರಣಿ. ಮೇಲೆ ಬರೀ ನೆಲ. ಅಡಿಯಲ್ಲಿ ಸುಮಾರು 22 ಮೀಟರ್ ಚದರದ, 7 ಮೀಟರ್ ಆಳದ ಹೊಂಡ, ಕಪ್ಪು ಬಳಪದ ಕಲ್ಲಿನ ಪಾವಟಿಗೆಗಳು ತ್ರಿಕೋನ ತ್ರಿಕೋನವಾಗಿ ಇಳಿದಿವೆ. ಒಂದು ಕಲ್ಲೂ ಕದಲಿಲ್ಲ. ಹತ್ತಿರ ಬಾಗಿ ನೋಡಿದರೆ ಕಲ್ಲುಗಳ ಮೇಲೆ ಕನ್ನಡದ ಅಕ್ಷರ, ಅಂಕಿಗಳ ಗೀಚು: ಯಾವ ದಿಕ್ಕು, ಎಷ್ಟನೆಯ ಸಾಲು, ಎಷ್ಟನೆಯ ಕಲ್ಲು. ಕಲ್ಲುಕುಟಿಗರು ಬೇರೆಲ್ಲೋ ಕಡೆದು, ಗುರುತು ಹಾಕಿ, ಇಲ್ಲಿ ತಂದು ಜೋಡಿಸಿದ್ದಾರೆ. ಕೃಷ್ಣದೇವರಾಯನ ಹೆಸರು ಹೊತ್ತ ಶಾಸನಗಳು ನೂರಾರಿವೆ. ಕೆಲಸ ಮಾಡಿದವನ ಕೈಬರಹ ಹೀಗೆ ಸಿಗುವುದು ಅಪರೂಪ. ಪಕ್ಕದಲ್ಲೇ ಕಂಬಗಳ ಮೇಲೆ ಹೊತ್ತ ಕಲ್ಲಿನ ದೋಣಿಗಳ ಸಾಲು, ಅದರಿಂದ ಕವಲೊಡೆದು ಹೊಂಡ, ಕೊಳಗಳಿಗೆ ನೀರು. ಸುಟ್ಟ ಮಣ್ಣಿನ ಕೊಳವೆಗಳೂ ಸಿಕ್ಕಿವೆ. 1443ರಲ್ಲಿ ಹೆರಾತಿನಿಂದ ಬಂದ ರಾಯಭಾರಿ ಅಬ್ದುರ್ ರಜಾಕ್, ಅರಮನೆಯ ಬಳಿ ನುಣ್ಣನೆ ಕಡೆದ ಕಲ್ಲಿನ ಕಾಲುವೆಗಳಲ್ಲಿ ನೀರು ಹರಿಯುತ್ತಿತ್ತು ಎಂದಿದ್ದ. ಅವನದು ಅತಿಶಯೋಕ್ತಿಯೆಂದು ತಳ್ಳಿಹಾಕುವಂತಿಲ್ಲ ಎಂದಾಯಿತು.

ಅದೇ ಆವರಣದ ಮಣ್ಣಿನಲ್ಲಿ ಇನ್ನೊಂದು ಅಚ್ಚರಿಯೂ ಇತ್ತು. ಸಾಮ್ರಾಜ್ಯಕ್ಕಿಂತ ಸಾವಿರ ವರ್ಷ ಹಿಂದಿನ, ಸುಣ್ಣದ ಕಲ್ಲಿನಲ್ಲಿ ಬೌದ್ಧ ಶಿಲ್ಪ ಕೆತ್ತಿದ ಫಲಕಗಳು, ಮರುಬಳಕೆಯ ಕಲ್ಲುಗಳಾಗಿ ಬಿದ್ದಿದ್ದವು. ಯಾವುದೋ ಸ್ತೂಪದಿಂದ ಬಂದವು. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿರುವ ಸೀಮೆ ಇದು ಎಂದು ನೆನೆದರೆ ಆಶ್ಚರ್ಯ ಅಷ್ಟಾಗಿ ಉಳಿಯುವುದಿಲ್ಲ. ಹೇಮಕೂಟದ ಮೇಲಿನ ತ್ರಿಕೂಟ ಗುಡಿಯೊಂದನ್ನು ಕಟ್ಟಿಸಿದವನು ಸಂಗಮರಿಗಿಂತ ಮುಂಚಿನ ಕಂಪಿಲರಾಯ ಎಂದು ಅಲ್ಲಿನ ಶಾಸನವೇ ಹೇಳುತ್ತದೆ. ಸಂಗಮ ಸೋದರರು ಬರಿಯ ಬಂಡೆಗಳ ನಡುವೆ ಮೊಲ ನಾಯಿಯನ್ನು ಅಟ್ಟಿಸಿಕೊಂಡು ಹೋದದ್ದನ್ನು ನೋಡಿ ಊರು ಕಟ್ಟಿದರೆಂಬ ಕಥೆ ಚೆಂದ. ಆದರೆ ಅವರು ಬಂದಾಗ ಪಂಪಾಕ್ಷೇತ್ರವೆನಿಸಿದ ಹಂಪಿ ಆಗಲೇ ಹಳೆಯ ತೀರ್ಥವಾಗಿತ್ತು.

ಅಗೆತದ ಜತೆಜತೆಗೆ ಇನ್ನೊಂದು ಕೆಲಸ ನಡೆಯಿತು, ಗುದ್ದಲಿ ಇಲ್ಲದೆ. 1980ರಿಂದ ಎರಡು ದಶಕ, ಪ್ರತಿ ಚಳಿಗಾಲದಲ್ಲಿ, ಅಮೆರಿಕದ ಪುರಾತತ್ವಜ್ಞ ಜಾನ್ ಫ್ರಿಟ್ಜ್ ಮತ್ತು ಆಸ್ಟ್ರೇಲಿಯಾ ಮೂಲದ ವಾಸ್ತುಶಿಲ್ಪ ವಿದ್ವಾಂಸ ಜಾರ್ಜ್ ಮಿಷೆಲ್ ಹಂಪಿಯಲ್ಲಿ ಶಿಬಿರ ಹೂಡಿದರು. ನಾನಾ ದೇಶದ ವಿದ್ಯಾರ್ಥಿಗಳು ಟೇಪು, ಕಾಗದ, ಪೆನ್ಸಿಲ್ ಹಿಡಿದು ಗೋಡೆ, ಬಾಗಿಲು, ಮೆಟ್ಟಿಲು, ಬಂಡೆಯ ಮೇಲಿನ ಕಂಬದ ಗುಳಿ ಒಂದೂ ಬಿಡದೆ ಅಳೆದರು. ಊರನ್ನು ಹೊಳೆ ದಂಡೆಯ ದೇವಾಲಯ ಪ್ರದೇಶ, ಅರಮನೆ ಪ್ರದೇಶ, ಜನವಸತಿಯ ಕೋಟೆಯೊಳಗಿನ ಪ್ರದೇಶ ಎಂದು ಬೇರೆ ಮಾಡಿ ಓದುವ ಕ್ರಮ ಅವರದೇ. ಆ ನಕ್ಷೆಗಳಿಲ್ಲದೆ ಇಂದು ಹಂಪಿಯ ಮೇಲೆ ಯಾರೂ ಒಂದು ಸಾಲು ಬರೆಯಲಾಗದು.

ಅಳತೆಯಿಂದ ಒಂದು ವಾದವೂ ಹುಟ್ಟಿತು. ಅರಮನೆ ಪ್ರದೇಶದ ನಟ್ಟನಡುವೆ ಹಜಾರರಾಮ, ಅದರ ನೇರ ಉತ್ತರಕ್ಕೆ ಮತಂಗ ಬೆಟ್ಟದ ತುದಿಯ ವೀರಭದ್ರನ ಗುಡಿ. ಊರಿನ ದಾರಿಗಳು ರಾಮನ ಗುಡಿಯ ಸುತ್ತ ಹೊರಳುತ್ತವೆ. ರಾಜನಿಗೂ ರಾಮನಿಗೂ ಒಂದು ಹೋಲಿಕೆಯನ್ನು ಇಡೀ ನಗರದ ವಿನ್ಯಾಸದಲ್ಲೇ ಬರೆದಿದ್ದಾರೆ ಎಂದರು ಫ್ರಿಟ್ಜ್ ಮತ್ತು ಮಿಷೆಲ್. ಕಿಷ್ಕಿಂಧೆಯೆಂದೇ ಹೆಸರಾದ ನೆಲದಲ್ಲಿ ಈ ಮಾತು ಕಿವಿಗೆ ಹಿತ. ಅಕ್ಷರೇಖೆಗಳು ನಕ್ಷೆಯಲ್ಲಿ ಕಾಣುವಷ್ಟು ಸಲೀಸಾಗಿ ಬಂಡೆಗಳ ನಡುವೆ ನಡೆಯುವವನಿಗೆ ಕಾಣುತ್ತವೆಯೇ ಎಂಬ ಸಂಶಯವೂ ಸಲ್ಲುವಂಥದೇ. ನೀರು ಎತ್ತ ಹರಿಯಿತೋ, ಬಂಡೆ ಎಲ್ಲಿ ದಾರಿ ಬಿಟ್ಟಿತೋ ಅಲ್ಲಿ ಬೀದಿ ಹೋದದ್ದೇ ಹೆಚ್ಚು.

ನನಗೆ ಇವೆಲ್ಲಕ್ಕಿಂತ ದೊಡ್ಡ ಪಲ್ಲಟವೆನಿಸುವುದು ಕೋಟೆಯ ಹೊರಗೆ ನಡೆದದ್ದು. ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ ಎಂಬಿಬ್ಬರು 1988ರಿಂದ ಸುಮಾರು ಹತ್ತು ವರ್ಷ, ಊರ ಸುತ್ತಲಿನ ಹೊಲ, ಗುಡ್ಡ, ಹಳ್ಳಗಳನ್ನು ಸಾಲಾಗಿ ನಡೆದು ನೋಡಿದರು. ಗುಡಿ, ಬಾವಿ, ಕೆರೆ ಏರಿ, ಒಡ್ಡು, ಹಳೆಯ ದಾರಿ, ಕಾವಲು ಗೋಡೆ, ಕಬ್ಬಿಣ ಕರಗಿಸಿದ ಕಿಟ್ಟ, ಮಡಕೆ ಚೂರುಗಳ ರಾಶಿ. ಏಳುನೂರಕ್ಕೂ ಹೆಚ್ಚು ನೆಲೆಗಳು ಲೆಕ್ಕಕ್ಕೆ ಬಂದವು. ಸಿನೊಪೊಲಿ ಆರಿಸಿಕೊಂಡದ್ದು ಮಡಕೆ. ಹಂಪಿಗೆ ಬಂದ ವಿದ್ವಾಂಸರಲ್ಲಿ ಕಪ್ಪು ಮಣ್ಣಿನ ಗಡಿಗೆಯ ಕಂಠದ ಮೇಲೆ ಅಷ್ಟು ವರ್ಷ ಕಣ್ಣಿಟ್ಟವರು ಬೇರೆ ಇಲ್ಲ. ಇಷ್ಟು ದೊಡ್ಡ ಸಾಮ್ರಾಜ್ಯದ ರಾಜಧಾನಿಯಲ್ಲೂ ಕುಂಬಾರರ ಮೇಲೆ ಅರಮನೆಯ ಹಿಡಿತವಿರಲಿಲ್ಲ, ಅವರವರ ಕೇರಿಯಲ್ಲಿ ಅವರವರ ಕೈಚಳಕದಂತೆ ಮಡಕೆ ಬೇಯುತ್ತಿತ್ತು ಎಂಬುದು ಅವರ ನಿರ್ಣಯ.

ಮಾರಿಸನ್ ಹಿಡಿದದ್ದು ನೀರು, ಬೆಳೆ. ಕಮಲಾಪುರ ಕೆರೆಯ ಹೂಳಿನೊಳಗೆ ಪದರ ಪದರವಾಗಿ ಕೂತ ಪರಾಗವನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಯಾವ ಕಾಲದಲ್ಲಿ ಯಾವ ಹುಲ್ಲು, ಯಾವ ಮರ, ಯಾವ ಬೆಳೆ ಇತ್ತೆಂಬ ಸುಳಿವು ಅಲ್ಲಿದೆ. ಶಾಸನ, ಏರಿ, ಪರಾಗ ಮೂರನ್ನೂ ಕೂಡಿಸಿ ಅವರು ಹೇಳಿದ್ದು ಇದು: ಬೇಸಾಯದ ಹಿಗ್ಗು ಎರಡು ಸಲ ಬಂತು, ಊರು ಕಟ್ಟಿದ ಹೊಸದರಲ್ಲಿ ಒಮ್ಮೆ, ಹದಿನಾರನೆಯ ಶತಮಾನದ ಆರಂಭದಲ್ಲಿ ಇನ್ನೊಮ್ಮೆ. ಹೊಳೆಗೆ ಒಡ್ಡು ಹಾಕಿ ತಂದ ಕಾಲುವೆಯ ನೀರು ಒಂದು ಬಗೆ, ಮಳೆ ನಂಬಿದ ಕೆರೆ ಇನ್ನೊಂದು ಬಗೆ. ಕಾಲುವೆ ಅರಸರಿಗೂ ಗುಡಿಗಳಿಗೂ ಭತ್ತ ಕೊಟ್ಟಿತು. ಒಣ ಬಯಲಿನ ಕೆರೆಗಳು ಹೂಳು ತುಂಬಿ, ಏರಿ ಒಡೆದು, ಬೇಗ ಬೇಗ ಸೋತವು.

ಪಯಸ್‌ನ ಬರಹದಲ್ಲಿ ಇದರ ಬಗ್ಗೆ ಒಂದು ಘೋರ ಪ್ರಸಂಗವಿದೆ. ಕೃಷ್ಣದೇವರಾಯ ಈಗಿನ ಹೊಸಪೇಟೆಯ ಬಳಿ ದೊಡ್ಡ ಕೆರೆ ಕಟ್ಟಿಸುತ್ತಿದ್ದ. ಹದಿನೈದು ಇಪ್ಪತ್ತು ಸಾವಿರ ಜನ ದುಡಿಯುತ್ತಿದ್ದರಂತೆ. ಏರಿ ಮತ್ತೆ ಮತ್ತೆ ಒಡೆಯಿತು. ದೇವರಿಗೆ ಬಲಿ ಬೇಕೆಂದಾಗ 60 ಜನರ ತಲೆ ಕಡಿಸಿದರು, ಜತೆಗೆ ಕುದುರೆ, ಕೋಣ. ಗತವೈಭವದ ಪಠ್ಯಪುಸ್ತಕಗಳು ಪಯಸ್‌ನಿಂದ ಮುತ್ತು ರತ್ನ ಅಳೆದ ಬೀದಿಯನ್ನು ಎತ್ತಿಕೊಂಡವು, ಈ ಪುಟವನ್ನು ಬಿಟ್ಟವು. ಅಷ್ಟು ರಕ್ತ ಕುಡಿದ ರಾಯರ ಕೆರೆಯ ಅಂಗಳದಲ್ಲಿ ಇಂದು ಬೇಸಾಯ ನಡೆದಿದೆ. ಆದರೆ ರಾಯರ ಕಾಲದ ತುರ್ತು ಕಾಲುವೆ, ಬಸವಣ್ಣ ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತಿದೆ.

ಹೀಗೆ ನೋಡುತ್ತ ಬಂದಾಗ 1565ರ ಕಥೆಯೂ ಮೊದಲಿನಂತೆ ಉಳಿಯಲಿಲ್ಲ. ವಿಠ್ಠಲ, ಕೃಷ್ಣ, ಅಚ್ಯುತರಾಯ ಗುಡಿಗಳಿಗೆ ಬಿದ್ದ ಪೆಟ್ಟು ಎದ್ದು ಕಾಣುತ್ತದೆ. ವಿರೂಪಾಕ್ಷನ ಗುಡಿ ಉಳಿದುಕೊಂಡಿತು. ಅರಸು ಮನೆತನದ ಪ್ರತಿಷ್ಠೆಗೆ ಅಂಟಿಕೊಂಡ ವೈಷ್ಣವ ಗುಡಿಗಳನ್ನೇ ಆರಿಸಿ ಹೊಡೆದರೆಂದು ಕೆಲವರು, ಹಾಗೆ ಸಲೀಸಾಗಿ ಗೆರೆ ಎಳೆಯಲಾಗದೆಂದು ಕೆಲವರು. ಊರಿನ ಪೂರ್ವಕ್ಕೆ ಅಹಮದ್ ಖಾನ್ ಎಂಬ ಸೇನಾನಿ 1439ರಲ್ಲಿ ಕಟ್ಟಿಸಿದ ಮಸೀದಿ ಇದೆ. ಅದರ ಶಾಸನ ಕನ್ನಡದಲ್ಲಿದೆ, ತನ್ನ ಒಡೆಯ ದೇವರಾಯನಿಗೆ ಪುಣ್ಯವಾಗಲೆಂದು ಕಟ್ಟಿಸಿದ್ದೆನ್ನುತ್ತದೆ, ಕಟ್ಟಡವನ್ನು ಧರ್ಮಶಾಲೆ ಎಂದು ಕರೆಯುತ್ತದೆ. ಪಾನ್ ಸುಪಾರಿ ಬಜಾರಿನಲ್ಲಿ ಅದೇ ಎರಡನೆಯ ದೇವರಾಯ 1426ರಲ್ಲಿ ಪಾರ್ಶ್ವನಾಥ ಬಸದಿ ಕಟ್ಟಿಸಿದ. ಸುಲ್ತಾನರ ಉಡುಪು, ಕಮಾನು, ಗುಮ್ಮಟಗಳನ್ನು ವಿಜಯನಗರದ ಅರಸರು ಹೇಗೆ ತಮ್ಮದಾಗಿಸಿಕೊಂಡರೆಂದು ಫಿಲಿಪ್ ವ್ಯಾಗನರ್ 1990ರ ದಶಕದಲ್ಲಿ ಬರೆದ ಮೇಲೆ, ಸೀವೆಲ್ ಹಾಕಿದ ಎರಡು ಧರ್ಮಗಳ ಅಖಾಡ ನಿಲ್ಲುವುದು ಕಷ್ಟವಾಯಿತು. ಯುದ್ಧ ನಡೆಯಲಿಲ್ಲ, ಗುಡಿ ಒಡೆಯಲಿಲ್ಲ ಎಂದು ಯಾರೂ ಹೇಳುತ್ತಿಲ್ಲ. ಎರಡು ಶತಮಾನ ಒಬ್ಬರಿಂದೊಬ್ಬರು ಕಲಿತು, ಮದುವೆ ಸಂಬಂಧ ಬೆಳೆಸಿ, ಸೈನಿಕರನ್ನು ಕೊಡುಕೊಳ್ಳು ಮಾಡಿದ ನೆರೆಯವರ ನಡುವೆ ನಡೆದ ಯುದ್ಧ ಅದು. ಅದರಿಂದ ಕ್ರೌರ್ಯ ಕಡಿಮೆಯಾಗುವುದಿಲ್ಲ, ಕಾರಣ ಬೇರೆಯಾಗುತ್ತದೆ.

1986ರಲ್ಲಿ ಯುನೆಸ್ಕೊ ಹಂಪಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟ ಬಂತು, ಪೇಚೂ ಬಂತು. ತಳವಾರಘಟ್ಟದಿಂದ ಆನೆಗೊಂದಿಗೆ ಹೊಳೆ ದಾಟಲು ಜನಕ್ಕೆ ಹರಿಗೋಲು ಬಿಟ್ಟರೆ ಗತಿಯಿರಲಿಲ್ಲ. ಸರ್ಕಾರ ಸೇತುವೆ ಕಟ್ಟಲು ಹೊರಟಿತು. ಸ್ಮಾರಕಗಳ ಎದೆಯ ಮೇಲೆ ವಾಹನಗಳು ಓಡುತ್ತವೆಂದು ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದ ಪಟ್ಟಿಗೆ ಹಾಕಿತು. ಕೆಲಸ ನಿಂತಿತು, ಹಂಪಿಗಾಗಿ ಪ್ರತ್ಯೇಕ ನಿರ್ವಹಣಾ ಪ್ರಾಧಿಕಾರದ ಕಾಯ್ದೆ ಬಂತು, 2006ರಲ್ಲಿ ಅಪಾಯದ ಪಟ್ಟಿಯಿಂದ ಹೆಸರು ತೆಗೆದರು. ಮತ್ತೆ ಶುರುವಾದ ಸೇತುವೆ 2009ರ ಜನವರಿಯಲ್ಲಿ ಕಟ್ಟುತ್ತಿರುವಾಗಲೇ ಕುಸಿದು ಕೂಲಿಕಾರರನ್ನು ಬಲಿ ತೆಗೆದುಕೊಂಡಿತು.

2011ರ ಜುಲೈಯಲ್ಲಿ ವಿರೂಪಾಕ್ಷ ಗುಡಿಯ ಮುಂದಿನ ತೇರು ಬೀದಿಯ ಸರದಿ. ಇಕ್ಕೆಲದ ಹಳೆಯ ಮಂಟಪಗಳಿಗೆ ಗೋಡೆ ಕಟ್ಟಿಕೊಂಡು ದಶಕಗಳಿಂದ ಇದ್ದ ನೂರಾರು ಕುಟುಂಬಗಳನ್ನು ಎಬ್ಬಿಸಿ ಜೆಸಿಬಿ ಓಡಿಸಿದರು. ಮಂಟಪಕ್ಕೆ ಮೊಳೆ ಹೊಡೆದು, ಸಿಮೆಂಟು ಮೆತ್ತಿ, ಕಲ್ಲು ಕಂಬಕ್ಕೆ ಹಾನಿ ಮಾಡಿದ್ದರು ಎಂಬುದು ಸುಳ್ಳಲ್ಲ. ಅವರಿಗೆ ಬದಲಿ ಜಾಗವೆಂದು ತೋರಿಸಿದ್ದು ಕಡ್ಡಿರಾಂಪುರ. ಆದರೆ ಈ ಬೀದಿ ಕಟ್ಟಿದ್ದೇ ಅಂಗಡಿಗೆಂದು. ಪದರಗಳನ್ನು ಓದುವ ವಿದ್ಯೆ ಪುರಾತತ್ವ. ಅದೇ ಹೆಸರಿನಲ್ಲಿ 1565ರ ನಂತರದ ಪದರವನ್ನೆಲ್ಲ ಕಸವೆಂದು ಗುಡಿಸಿದ್ದು, ನನ್ನ ದೃಷ್ಟಿಯಲ್ಲಿ, ಫ್ರಿಟ್ಜ್‌-ಮಿಷೆಲ್ಲರ ಅಳತೆಪಟ್ಟಿ, ನಾಗರಾಜರಾಯರ ಹಟ, ಸಿನೊಪೊಲಿಯ ಮಡಕೆ ಚೂರು ಕಲಿಸಿದ ಪಾಠಕ್ಕೆ ಬೆನ್ನು ತಿರುಗಿಸಿ ನಡೆದದ್ದು. ಜನವಿಲ್ಲದ ಬಜಾರು ಅಚ್ಚುಕಟ್ಟಾಗಿ ಕಾಣುತ್ತದೆ. ಪಯಸ್ ನೋಡಿದ್ದು ಅದನ್ನಲ್ಲ.

ಅರಮನೆ ಪ್ರದೇಶದಲ್ಲಿ ಅಗೆದದ್ದು ಗಣನೀಯ. ಸಾಮಾನ್ಯ ಜನ ಬದುಕಿದ್ದ ಕೋಟೆಯೊಳಗಿನ ಹರವಿನಲ್ಲಿ ಅಗೆತ ಅತ್ಯಲ್ಪ. ಅದರ ಬಹುಪಾಲು ಬಾಳೆ, ಕಬ್ಬು, ಭತ್ತದ ಗದ್ದೆಗಳ ಅಡಿಯಲ್ಲಿದೆ. ಅಲ್ಲಿ ನೇಕಾರ ಎಲ್ಲಿದ್ದ, ಗಾಣಿಗ ಎಲ್ಲಿದ್ದ, ಕೂಲಿ ಮಾಡುವವರು ಏನು ಉಂಡರು ಎಂಬ ಪ್ರಶ್ನೆಗಳಿಗೆ ಪಯಸ್‌ನಲ್ಲೂ ಉತ್ತರವಿಲ್ಲ, ಶಾಸನದಲ್ಲೂ ಇಲ್ಲ. ಮುಂದಿನ ಸಲ ಹಂಪಿಗೆ ಹೋದವರು ಕಲ್ಲಿನ ರಥದ ಮುಂದೆ ಫೋಟೋ ತೆಗೆಸಿಕೊಂಡ ಮೇಲೆ ಎರಡು ಗಂಟೆ ಉಳಿಸಿಕೊಳ್ಳಿ. ಒಂದು ಗಂಟೆ ಕಮಲಾಪುರದ ವಸ್ತುಸಂಗ್ರಹಾಲಯಕ್ಕೆ, ಅಲ್ಲಿ ಇಡೀ ಊರಿನ ಮಾದರಿ ಇದೆ. ಇನ್ನೊಂದು ಗಂಟೆ ಗೈಡುಗಳು ಸಾಮಾನ್ಯವಾಗಿ ಕರೆದೊಯ್ಯದ ಗಣ್ಯರ ಬಡಾವಣೆಯ ಓಣಿಗಳಲ್ಲಿ ನಡೆಯಲು. ಕಾಲಡಿ ಮಡಕೆ ಚೂರು ಸಿಕ್ಕರೆ ಎತ್ತಿ ಜೇಬಿಗೆ ಹಾಕಿಕೊಳ್ಳಬೇಡಿ. ಅದು ಬಿದ್ದ ಜಾಗದಲ್ಲಿದ್ದರೆ ಮಾತ್ರ ಸಾಕ್ಷಿ.